ತಾಳೆಯಾಗದೆ ಉಳಿದ ಎರಡು ಹೆಸರು

ವರ್ಷಕ್ಕೊಮ್ಮೆ, ಯುಗಾದಿಯಾದ ಮೂರನೆಯ ದಿನ, ನಮ್ಮ ಊರಿನ ಮೆಟ್ಟಿಲು ಬಾವಿಯ ಕಲ್ಲುಗಳ ಮೇಲೆ ಊರವರ ಹೆಸರುಗಳು ಮೂಡುತ್ತವೆ. ಹೆಸರಿನ ಪಕ್ಕದಲ್ಲಿ ಓಣಿಯ ಹೆಸರೂ ಇರುತ್ತದೆ. ಕೆತ್ತಿದ ಅಕ್ಷರಗಳಲ್ಲ, ಕಲ್ಲು ಬೆವರಿದ ಹಾಗೆ ತೇವದಲ್ಲಿ ಕಾಣುವಂಥವು. ಬೆಳಕು ಹರಿಯುವಾಗ ಕಾಣಿಸಿಕೊಂಡು, ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ಕೊನೆಯ ಮೆಟ್ಟಿಲಿಗೆ ಇಳಿದಾಗ ಒಣಗಿಹೋಗುತ್ತವೆ. ಅಷ್ಟರೊಳಗೆ ಬರೆದುಕೊಳ್ಳಬೇಕು. ಆ ಬೆಳಿಗ್ಗೆ ತಾಳೆ ಗುಮಾಸ್ತರೊಬ್ಬರೇ ಬಾವಿಗೆ ಇಳಿಯುವುದು ಪದ್ಧತಿ. ಉಳಿದವರು ಆಚೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಕಾಯುತ್ತಾರೆ.

ಹೀಗೆ ಬರೆದುಕೊಂಡ ಪಟ್ಟಿಯನ್ನು ಪಂಚಾಯಿತಿಯ ದಾಖಲೆಯೊಂದಿಗೆ ಹದಿನೈದು ದಿನಗಳಲ್ಲಿ ತಾಳೆ ನೋಡಬೇಕು. ಕಲ್ಲಿನ ಮೇಲಿದ್ದು ದಾಖಲೆಯಲ್ಲಿ ಇಲ್ಲದವರನ್ನು ಸೇರಿಸುತ್ತೇವೆ. ದಾಖಲೆಯಲ್ಲಿದ್ದು ಕಲ್ಲಿನ ಮೇಲೆ ಇಲ್ಲದವರ ಹೆಸರು ಹೊಡೆದುಹಾಕುತ್ತೇವೆ. ಆಮೇಲೆ ಅವರಿಗೆ ಊರಿನ ಮನೆಯೂ ಇಲ್ಲ, ಊರಿನ ಕೆಲಸವೂ ಇಲ್ಲ. ಜನ ಇದಕ್ಕೆ ಹೊಂದಿಕೊಂಡೇ ಬದುಕುತ್ತಾರೆ. ಹೊಸದಾಗಿ ಬಂದ ಸೊಸೆಯ ಹೆಸರು ಮೂಡದಿದ್ದರೆ ಅತ್ತೆ ಬೈಗುಳ ಕಡಿಮೆ ಮಾಡಿ ಹೋಳಿಗೆ ಹೆಚ್ಚು ಮಾಡುತ್ತಾಳೆ. ವರ್ಗವಾಗಿ ಬಂದಿದ್ದ ಪೋಸ್ಟ್ ಮಾಸ್ತರರ ಹೆಸರು ಐದನೆಯ ವರ್ಷಕ್ಕೆ ಮೂಡಿದಾಗ ಅವರು ಊರಿಗೆಲ್ಲ ಪೇಡೆ ಹಂಚಿ, ಕೈಗೆ ಬಂದಿದ್ದ ವರ್ಗಾವಣೆಯನ್ನು ರದ್ದು ಮಾಡಿಸಿಕೊಂಡರು. ಗಾಣದ ಸಿದ್ಲಿಂಗಪ್ಪ ಯಾರಿಗೂ ಹೇಳದೆ ಬೇರೆ ಊರಲ್ಲಿ ಅಂಗಡಿ ನೋಡಿ ಬಂದ ವರ್ಷ ಅವನ ಹೆಸರು ಮೂಡಲೇ ಇಲ್ಲ. ಅವನ ಹೆಂಡತಿಗೆ ಅದು ಗೊತ್ತಾದದ್ದು ಪಂಚಾಯಿತಿಯ ನೋಟೀಸು ಹಲಗೆಯಿಂದ.

ನಾನು ಕಸ್ತೂರಿ, ಈಗ ಆ ತಾಳೆ ಗುಮಾಸ್ತೆ. ನನಗಿಂತ ಮೊದಲು ಮೂವತ್ತೆಂಟು ವರ್ಷ ಆ ಕೆಲಸ ಮಾಡಿದವರು ಬಾಳಪ್ಪ ಕಾಕಾ. ಬಿಳಿ ಟೋಪಿ, ಮಡಿಕೆ ಕೆಡದ ಅಂಗಿ, ಮುತ್ತು ಪೋಣಿಸಿದಂಥ ಅಕ್ಷರ. ಮದುವೆಯಾಗಿರಲಿಲ್ಲ. ಹೋದ ವರ್ಷ ಎರಡೂ ಕಣ್ಣಿಗೆ ಪೊರೆ ಬಂದು, ಈ ವರ್ಷ ಯುಗಾದಿಗೆ ವಾರ ಮೊದಲು ಆಪರೇಷನ್ ಆಯಿತು. ಒಂದು ತಿಂಗಳು ಓದುವುದು ಬರೆಯುವುದು ಬೇಡವೆಂದು ಡಾಕ್ಟರರು ಹೇಳಿಬಿಟ್ಟರು. ಹಾಗಾಗಿ ಬಾವಿಗೆ ಇಳಿಯುವ ಸರದಿ ನನಗೆ ಬಂತು. ಹಿಂದಿನ ದಿನ ಅವರು ನನ್ನನ್ನು ಮನೆಗೆ ಕರೆಸಿ, ಇನ್ನೊಂದು ತಿಂಗಳು ಮುಂದೂಡಲು ಬಾವಿ ನಮ್ಮ ಮಾತು ಕೇಳುವುದಿಲ್ಲವಲ್ಲ ಎಂದು ಎರಡು ಮೂರು ಸಲ ಅಂದರು. ಕೆಲಸದ ಮೇಲಿನ ಮಮತೆ ಎಂದುಕೊಂಡೆ.

ನಾನು ಅವರ ಕೈಕೆಳಗೆ ಕೆಲಸಕ್ಕೆ ಬರುವ ಮೊದಲು ತಾಳೆ ನೋಡುವುದು ಎಂದರೆ ಹದಿನೈದು ದಿನ ಇಬ್ಬರು ಎದುರುಬದುರು ಕೂತು, ಒಬ್ಬರು ಓದಿ ಇನ್ನೊಬ್ಬರು ಟಿಕ್ ಹಾಕುವುದು. ಮೂರು ವರ್ಷದ ಹಿಂದೆ ಪಂಚಾಯಿತಿ ನನ್ನನ್ನು ದೊಡ್ಡ ಊರಿಗೆ ಕಳಿಸಿ ಕಂಪ್ಯೂಟರ್ ಕಲಿಸಿತು. ಅಲ್ಲಿ ಹೇಳಿಕೊಟ್ಟದ್ದು ಒಂದು ಪ್ರೋಗ್ರಾಮಿಂಗ್ ಭಾಷೆ ಮತ್ತು ಕೋಷ್ಟಕಗಳನ್ನು ಪಳಗಿಸಲು ಯಾರೋ ಬರೆದಿಟ್ಟ ಒಂದು ಲೈಬ್ರರಿ. ಪುಸ್ತಕಗಳ ಲೈಬ್ರರಿಯಲ್ಲ, ಬೇಕಾದಾಗ ಕೈಗೆ ಸಿಗುವಂತೆ ಸಲಕರಣೆ ಜೋಡಿಸಿಟ್ಟ ಪೆಟ್ಟಿಗೆ ಅಂತಿಟ್ಟುಕೊಳ್ಳಿ. ಅದರ ಕೋಷ್ಟಕದಲ್ಲಿ ಪ್ರತಿ ಸಾಲಿನ ಎಡ ಅಂಚಿಗೆ ಒಂದು ಲೇಬಲ್ ಇರುತ್ತದೆ. ಸಾಲಿನೊಳಗೆ ಮನೆ ನಂಬರು, ವಯಸ್ಸು, ಕೆಲಸ ಏನೇ ಇರಲಿ, ಸಾಲನ್ನು ಕರೆಯುವುದು ಲೇಬಲ್ಲಿನಿಂದ. ನಾನು ಹೆಸರನ್ನೂ ಓಣಿಯನ್ನೂ ಕೂಡಿಸಿ ಲೇಬಲ್ ಮಾಡಿಕೊಂಡೆ. ಬಾವಿಯ ಲೇಬಲ್ಲುಗಳು ಒಂದು ಗುಂಪು, ದಾಖಲೆಯ ಲೇಬಲ್ಲುಗಳು ಇನ್ನೊಂದು ಗುಂಪು.

ಹೋದ ವರ್ಷ ಬಾಳಪ್ಪ ಕಾಕಾ ಬರೆದು ತಂದ ಪಟ್ಟಿಯನ್ನೇ ಹಾಕಿ ಪರೀಕ್ಷೆ ಮಾಡಿದ್ದೆ. ಎರಡೂ ಒಂದೇ ಹೌದೋ ಅಲ್ಲವೋ ಎಂದು ಕೇಳಿದರೆ ಕಂಪ್ಯೂಟರು ಅಲ್ಲ ಎಂದಿತು. ಬಾವಿ ಪ್ರತಿ ವರ್ಷ ಹೆಸರುಗಳ ಅನುಕ್ರಮ ಬದಲಿಸುತ್ತದೆ. ನಾನು ಬಳಸಿದ ಸಲಕರಣೆಗೆ ಹೆಸರಷ್ಟೇ ಅಲ್ಲ, ಅನುಕ್ರಮವೂ ಒಂದೇ ಇರಬೇಕು. ಕಾಕಾ ನಕ್ಕುಬಿಟ್ಟಿದ್ದರು. “ಪಂಕ್ತಿಯೊಳಗ ಕುಂತ ಜಾಗಾ ಬದಲಾದ್ರ ಉಂಡವರು ಬ್ಯಾರೆ ಆಗ್ತಾರೇನು?” ಎಂದಿದ್ದರು. ಎರಡನ್ನೂ ಅಕಾರಾದಿಯಾಗಿ ಜೋಡಿಸಿ ಕೇಳಿದೆ, ಮತ್ತೆ ಅಲ್ಲ ಎಂದಿತು. ಆಮೇಲೆ ಬೇರೆ ಸಲಕರಣೆ ತೆಗೆದೆ: ಇದರಲ್ಲಿದ್ದು ಅದರಲ್ಲಿ ಇಲ್ಲದ್ದು ಯಾವುದು, ಅದರಲ್ಲಿದ್ದು ಇದರಲ್ಲಿ ಇಲ್ಲದ್ದು ಯಾವುದು. ನಲವತ್ತೊಂದು ಹೆಸರು ಬಂದವು. ನೋಡಿದರೆ ಎಷ್ಟೋ ಹೆಸರುಗಳ ಕೊನೆಗೆ ನಾನೇ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಒತ್ತಿದ್ದೆ. ಮನುಷ್ಯರ ಕಣ್ಣು ಅದನ್ನು ಬಿಟ್ಟುಬಿಡುತ್ತದೆ, ಕಂಪ್ಯೂಟರು ಬಿಡುವುದಿಲ್ಲ. ಅವನ್ನೆಲ್ಲ ಒರೆಸಿದ ಮೇಲೆ ಹುಟ್ಟಿದವರು, ಸತ್ತವರು, ಬಂದವರು, ಹೋದವರು ಮಾತ್ರ ಉಳಿದರು. ಹದಿನೈದು ದಿನದ ಕೆಲಸ ಮೂರು ದಿನಕ್ಕೆ ಮುಗಿದಿತ್ತು.

ಈ ವರ್ಷ ನಾನು ಬೆಳಕು ಹರಿಯುವ ಮೊದಲೇ ಬಾವಿಗೆ ಇಳಿದೆ. ಮೊಬೈಲಿನಲ್ಲಿ ಫೋಟೋ ಹಿಡಿದು ನೋಡಿದೆ, ಬರೀ ಕಲ್ಲು ಬಂತು. ನೋಟ್‌ಬುಕ್ಕಿನಲ್ಲೇ ಬರೆದೆ. ಒಂದು ಸಾವಿರದ ಇನ್ನೂರ ಹದಿನಾಲ್ಕು ಹೆಸರು. ಸೊಂಟ ಹಿಡಿದು, ಬೆರಳು ಮರಗಟ್ಟಿ, ಯಾರ ಹೆಸರು ಯಾವುದು ಎಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ಬಿಸಿಲು ನನ್ನ ಹಿಂದೆಯೇ ಮೆಟ್ಟಿಲಿಳಿದು ಬರುತ್ತಿತ್ತು. ಕೊನೆಯ ಹೆಸರು ಬರೆದು ಮೇಲೆ ಬಂದಾಗ ಯಾರೋ ಚಹಾ ಕೈಗಿಟ್ಟರು. ಇಡೀ ಊರನ್ನು ಕೈಯಿಂದ ಮುಟ್ಟಿ ಬಂದ ಹಾಗೆ ಸಮಾಧಾನವಾಗಿತ್ತು.

ಎರಡು ದಿನ ಟೈಪ್ ಮಾಡಿ ಎರಡೂ ಗುಂಪುಗಳನ್ನು ಹೋಲಿಸಿದೆ. ಬಾವಿಯಲ್ಲಿ ಮಾತ್ರ ಇದ್ದವರು ಹದಿನೈದು. ಒಂಬತ್ತು ಕೂಸುಗಳು, ನಾಲ್ವರು ಸೊಸೆಯಂದಿರು, ಹೊಸ ಲೈನ್‌ಮನ್ ಒಬ್ಬ. ಹದಿನೈದನೆಯದು ‘ತುಂಗವ್ವ, ಗಿರಣಿ ಓಣಿ’. ದಾಖಲೆಯಲ್ಲಿ ಮಾತ್ರ ಇದ್ದವರು ಆರು. ಐವರು ತೀರಿಕೊಂಡವರು. ಆರನೆಯದು ‘ಕಾಶವ್ವ, ಗಿರಣಿ ಓಣಿ’.

ಕಾಶವ್ವ ಎಂಬ ಹೆಸರನ್ನು ಓದಿದರೂ ಯಾರೆಂದು ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು. ಊರಿನ ಬಾಲವಾಡಿಯ ಆಯಾ ಆಕೆ. ಮೂವತ್ತೊಂದು ವರ್ಷದಿಂದ ಎಲ್ಲರೂ ಆಯವ್ವ ಎಂದೇ ಕರೆಯುತ್ತಾರೆ. ನನ್ನ ಮೂಗು ಒರೆಸಿದವಳು, ನನಗೆ ಚಪ್ಪಲಿಯ ಎಡ ಬಲ ತಿಳಿಸಿದವಳು. ನಿನ್ನೆ ತಾನೆ ಬಾಲವಾಡಿಯ ಬಾಗಿಲಲ್ಲಿ ಮಕ್ಕಳ ಉಗುರು ಕತ್ತರಿಸುತ್ತ ಕೂತಿದ್ದಳು. ಎಲ್ಲಿಗೂ ಹೊರಟವಳ ಲಕ್ಷಣ ಇರಲಿಲ್ಲ. ತುಂಗವ್ವ ಎಂಬವಳಂತೂ ಗಿರಣಿ ಓಣಿಯಲ್ಲಿ ಯಾರೂ ಇಲ್ಲ. ಅಲ್ಲಿರುವುದೇ ಹನ್ನೊಂದು ಮನೆ.

ನಾನೇ ತಪ್ಪು ಬರೆದೆನೇ ಎಂದು ನೋಟ್‌ಬುಕ್ ತೆಗೆದೆ. ನನ್ನ ಕೈಯಲ್ಲೇ ಸ್ಪಷ್ಟವಾಗಿ ತುಂಗವ್ವ ಎಂದಿತ್ತು. ಅವಸರದಲ್ಲಿ ಕಾಶವ್ವ ಎಂಬುದನ್ನು ಕಾಳವ್ವ ಎಂದು ಬರೆಯಬಹುದು. ತುಂಗವ್ವ ಎಂದು ಬರೆಯಲು ಸಾಧ್ಯವಿಲ್ಲ. ಹಿಂದಿನ ವರ್ಷಗಳಲ್ಲಿ ಹೇಗಿತ್ತು ನೋಡೋಣವೆಂದು ಕಪಾಟಿನಿಂದ ಬಾಳಪ್ಪ ಕಾಕಾ ಬರೆದ ಹಳೆಯ ಪಟ್ಟಿಗಳನ್ನು ಇಳಿಸಿದೆ. ಆಕೆ ಬಂದ ಮೇಲಿನ ಎಲ್ಲದರಲ್ಲೂ ‘ಕಾಶವ್ವ, ಗಿರಣಿ ಓಣಿ’ ಎಂದೇ ಇತ್ತು. ಆದರೆ ಆ ಹೆಸರಿನ ಹಿಂದೆ, ಪ್ರತಿ ವರ್ಷವೂ, ಒಂದು ಸಣ್ಣ ಶಾಯಿ ಚುಕ್ಕೆ ಇತ್ತು, ಪೆನ್ನಿನ ತುದಿ ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತ ಹಾಗೆ. ಬೇರೆ ಯಾವ ಹೆಸರಿನ ಹಿಂದೆಯೂ ಅದು ಇರಲಿಲ್ಲ. ಮೂವತ್ತೊಂದು ಪುಸ್ತಕ, ಮೂವತ್ತೊಂದು ಚುಕ್ಕೆ.

ಆ ಸಂಜೆ ಕಾಕಾನ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ರೇಡಿಯೋ ಕೇಳುತ್ತ ಕೂತಿದ್ದರು. ಉಳಿದದ್ದೆಲ್ಲ ತಾಳೆಯಾಯಿತೆಂದೂ ಗಿರಣಿ ಓಣಿಯಲ್ಲಿ ಎರಡು ಹೆಸರು ಉಳಿದಿವೆ ಎಂದೂ ಹೇಳಿದೆ. ಅವರು ರೇಡಿಯೋ ಆರಿಸಿದರು. ಕಲ್ಲಿನ ಮೇಲಿನ ಅಕ್ಷರಗಳು ಮೋಸ ಮಾಡುತ್ತವೆ, ತೇವ ಹರಿದು ಒಂದು ಇನ್ನೊಂದಾಗಿ ಕಾಣುತ್ತದೆ, ನೀನು ಹೊಸಬಳು, ಕಾಶವ್ವ ಎಂದೇ ಬರೆದು ಮುಗಿಸು ಎಂದರು. ನಾನು ಶಾಯಿ ಚುಕ್ಕೆಯ ಮಾತೆತ್ತಿದೆ. ಅವರು ಒಳಗೆ ಹೋಗಿ ನೀರು ಕುಡಿದು ಬಂದರು.

“ಮೊದಲನೇ ವರ್ಷದಿಂದನೂ ಬಾವಿ ತುಂಗವ್ವ ಅಂತನ ಬರದೈತಿ,” ಎಂದರು. “ನಾ ಕಾಶವ್ವ ಅಂತ ಬರಕೊಂಡು ಬಂದೀನಿ.”

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಬಾಲವಾಡಿಗೆ ಆಯಾ ಬೇಕೆಂದು ಪಂಚಾಯಿತಿ ಕರೆದಾಗ ದೂರದ ಹಳ್ಳಿಯ ಕಾಶವ್ವ ಎಂಬ ವಿಧವೆ ಅರ್ಜಿ ಹಾಕಿದ್ದಳು. ನೇಮಕದ ಪತ್ರ ಕಳಿಸಿದ್ದರು. ಎರಡು ತಿಂಗಳ ಮೇಲೆ ಎರಡು ವರ್ಷದ ಹೆಣ್ಣುಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡು ಒಬ್ಬಳು ಆ ಪತ್ರ ಹಿಡಿದು ಬಂದಳು. ಸಹಿ ಮಾಡೆಂದರೆ ಹೆಬ್ಬೆಟ್ಟು ಒತ್ತಿದಳು. ಅರ್ಜಿಯಲ್ಲಿ ಸಹಿ ಇತ್ತು. ಕಾಕಾ ಅದನ್ನು ಆಗಲೇ ಗಮನಿಸಿದರಂತೆ, ಸುಮ್ಮನಿದ್ದರಂತೆ. ಮುಂದಿನ ಯುಗಾದಿಗೆ ಬಾವಿಯ ಮೇಲೆ ತುಂಗವ್ವ ಎಂದು ಬಂತು.

“ನಾ ಅಲ್ಲೇ ಮೆಟ್ಟಿಲ ಮ್ಯಾಲೆ ನಿಂತು ವಿಚಾರ ಮಾಡಿದೆ,” ಎಂದರು. “ಪೋಸ್ಟ್ ಮಾಸ್ತರಗ ಐದು ವರ್ಷ ಹಿಡೀತು. ಈಕೀದು ಬಂದ ವರ್ಷನ ಮೂಡೇತಿ. ಬಾವಿ ಈಕೀನ್ನ ಬ್ಯಾಡ ಅಂದಿಲ್ಲ, ಬರೇ ಬ್ಯಾರೆ ಹೆಸರಿಲೆ ಕರದೈತಿ. ಅದನ್ನ ಹೋಗಿ ಪಂಚಾಯಿತಿಗೆ ಹೇಳಿದ್ರ ಕೂಸು ಕಟ್ಟಿಕೊಂಡು ಎಲ್ಲಿ ಹೋಗ್ತಿದ್ಲು?”

ಆಕೆಗೆ ಇದು ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ, ತಾನು ಎಂದೂ ಹೇಳಲಿಲ್ಲ ಎಂದರು. ಆಕೆಗೆ ಓದು ಬರದು. ಪ್ರತಿ ವರ್ಷ ತಾಳೆ ಮುಗಿದು ಊರವರೆದುರು ಪಟ್ಟಿ ಓದುವ ದಿನ ಕಟ್ಟೆಯ ತುದಿಗೆ ಸೆರಗು ಹಿಡಿದು ನಿಂತಿರುತ್ತಿದ್ದಳು, ಕಾಶವ್ವ ಎಂದು ಕೂಗಿದ ಮೇಲೆ ಹೊರಟು ಹೋಗುತ್ತಿದ್ದಳು. ಅಷ್ಟೇ ಅವರಿಬ್ಬರ ನಡುವಿನ ವ್ಯವಹಾರ.

ನನಗೆ ಎರಡು ದಾರಿ ಇದ್ದವು. ನೋಟ್‌ಬುಕ್ಕಿನಲ್ಲಿ ಒಂದು ಹೆಸರು ತಿದ್ದಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕಲ್ಲು ಒಣಗಿಹೋಗಿತ್ತು. ತಿದ್ದದಿದ್ದರೆ ನಿಯಮದ ಪ್ರಕಾರ ಕಾಶವ್ವನನ್ನು ಹೊಡೆದುಹಾಕಿ ತುಂಗವ್ವನನ್ನು ಹೊಸಬಳಾಗಿ ಸೇರಿಸಬೇಕು. ಹೊಸಬಳಿಗೆ ಮನೆಯೂ ಇಲ್ಲ, ಕೆಲಸವೂ ಇಲ್ಲ. ಎರಡು ದಿನ ಊಟ ರುಚಿಸಲಿಲ್ಲ. ತಿದ್ದೋಣವೆಂದು ಪೆನ್ನು ಹಿಡಿದಾಗ, ಮುಂದಿನ ವರ್ಷವೂ ನಾನೇ ತಿದ್ದಬೇಕು, ಅದರ ಮುಂದಿನ ವರ್ಷವೂ, ನನ್ನ ನಂತರ ಬರುವವರಿಗೂ ಇದನ್ನು ಕಲಿಸಿಕೊಡಬೇಕು ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಅದು ಆಕೆಯ ಹೆಸರು. ಇಟ್ಟುಕೊಳ್ಳುವುದೋ ಬಿಡುವುದೋ ಆಕೆಯನ್ನೇ ಕೇಳಬೇಕಿತ್ತು.

ಕಾಕಾ ತಾನೂ ಬರುತ್ತೇನೆಂದು ಹಟ ಹಿಡಿದರು. ಕೈ ಹಿಡಿದು ಗಿರಣಿ ಓಣಿಗೆ ಕರೆದುಕೊಂಡು ಹೋದೆ. ಆಯವ್ವ ಅಂಗಳದಲ್ಲಿ ಬಾಲವಾಡಿಯ ಅವಲಕ್ಕಿ ಹಸನು ಮಾಡುತ್ತಿದ್ದಳು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಕೂಡಲೇ ಅವಳ ಕೈ ನಿಂತಿತು. ಮೊರವನ್ನು ಕೆಳಗಿಟ್ಟು, ಈ ವರ್ಷ ಅಕ್ಕನ ಹೆಸರು ಬರಲಿಲ್ಲವೇ ಎಂದು ಕೇಳಿದಳು. ಅಕ್ಕನ ಹೆಸರು ಎಂಬ ಮಾತು ತಾನಾಗಿ ಬಾಯಿಂದ ಬಂದದ್ದು ಅವಳಿಗೇ ತಿಳಿಯಲಿಲ್ಲ.

ಕಾಶವ್ವ ಅವಳ ಅಕ್ಕ. ನೇಮಕದ ಪತ್ರ ಬಂದ ವಾರವೇ ಜ್ವರದಲ್ಲಿ ತೀರಿಕೊಂಡಳು. ಮಗು ಶೋಭಾ ಇವಳ ಮಡಿಲಿಗೆ ಬಂತು. ಅಣ್ಣಂದಿರು ಮಗುವನ್ನು ಯಾರಿಗಾದರೂ ಸಾಕಲು ಕೊಟ್ಟು, ಇವಳನ್ನು ಎರಡನೆಯ ಸಂಬಂಧಕ್ಕೆ ಕೊಡಲು ನಿಶ್ಚಯಿಸಿದ್ದರು. ಇವಳು ಮಗುವನ್ನೂ ಪತ್ರವನ್ನೂ ಎತ್ತಿಕೊಂಡು ಮೊದಲ ಬಸ್ಸು ಹತ್ತಿದಳು. ಶೋಭಾಳಿಗೆ ಇದೊಂದೂ ತಿಳಿಯದು. ಈಗ ಅವಳು ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಎರಡು ಮಕ್ಕಳ ತಾಯಿ. ಆಯವ್ವ ಮಾತ್ರ, ಬಾವಿ ಕಾಶವ್ವ ಎಂದು ಕರೆದದ್ದನ್ನು ಕೇಳಿ, ಅಕ್ಕ ಇನ್ನೂ ತನಗೆ ಜಾಗ ಬಿಟ್ಟುಕೊಡುತ್ತಿದ್ದಾಳೆ ಎಂದು ಪ್ರತಿ ಯುಗಾದಿಗೆ ಅಕ್ಕನ ಹೆಸರಲ್ಲಿ ಒಂದು ಎಡೆ ಇಡುತ್ತಿದ್ದಳಂತೆ.

ಬಾಳಪ್ಪ ಕಾಕಾ ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಬಾವಿ ಒಮ್ಮೆನೂ ಕಾಶವ್ವ ಅಂದಿಲ್ಲವ್ವ,” ಎಂದರು. “ತುಂಗವ್ವ ಅಂತನ ಅಂದೈತಿ. ಮೂವತ್ತೊಂದು ವರ್ಷನೂ. ಸುಳ್ಳು ಓದಿದಾವ ನಾನು.”

ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪ ಬರಬಹುದು, ಅಳಬಹುದು ಎಂದು ನಾನು ಕಾದೆ. ಅವಳು ಬಹಳ ಮೆಲ್ಲಗೆ, “ಹಂಗಾರ ಇಲ್ಲಿ ಇದ್ದಾಕಿ ನಾನ ಏನು?” ಎಂದಳು. ಕಾಕಾ ಹೌದೆಂದರು. ಅವಳು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗೆಯನ್ನು ನಾನು ಬಾಲವಾಡಿಯಲ್ಲೂ ಕಂಡಿರಲಿಲ್ಲ. ಆಮೇಲೆ ಅತ್ತಳು. ಅದಾದ ಮೇಲೆ, ಬಂದವರಿಗೆ ಏನೂ ಕೊಡಲಿಲ್ಲವಲ್ಲ ಎಂದು ಅವಲಕ್ಕಿಗೆ ಮೊಸರು ಕಲಸಿಕೊಟ್ಟಳು.

ಹೆಸರು ತಿದ್ದಬೇಡವೆಂದು ಅವಳೇ ಹೇಳಿದಳು. ಮನೆ ಹೋದರೆ ಹೋಗಲಿ, ಆದರೆ ಶೋಭಾಳಿಗೆ ತಾನೇ ಮೊದಲು ಹೇಳಬೇಕು, ಎರಡು ದಿನ ಕೊಡು ಎಂದಳು.

ಶೋಭಾ ನಾಲ್ಕು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಒಳಗೆ ಹೊಲಿಗೆ ಯಂತ್ರ ಓಡಿಸುತ್ತಲೇ ಇದ್ದಳು. ಐದನೆಯ ದಿನ ನನ್ನ ಕಚೇರಿಗೆ ಬಂದು, ತನಗಿಂತ ಮೊದಲು ಬಾಳಪ್ಪನವರಿಗೆ ಗೊತ್ತಿತ್ತಲ್ಲ, ಅದೇ ತನಗೆ ಆದ ಸಂಕಟ ಎಂದಳು. ಹೆತ್ತವಳ ಮುಖ ನೆನಪಿಲ್ಲದ್ದಕ್ಕೆ ಅಳು ಬರಲಿಲ್ಲ ಎಂದೂ, ಹಾಗೆ ಅಳು ಬಾರದ್ದಕ್ಕೇ ಅಳು ಬಂತು ಎಂದೂ ಹೇಳಿದಳು. ಅವ್ವನಿಗೆ ಏನೆಂದೆ ಎಂದು ಕೇಳಿದೆ. “ಏನಂತೀನಿ? ಕೂಗೋದಂತೂ ಅವ್ವ ಅಂತನ,” ಎಂದಳು. ಆಮೇಲೆ, ಪಂಚಾಯಿತಿಯ ಸಭೆಗೆ ತಾನೂ ಬರುತ್ತೇನೆಂದು ಹೇಳಿ ಹೋದಳು.

ಸಭೆ ಹದಿಮೂರನೆಯ ದಿನ ನಡೆಯಿತು. ಅಧ್ಯಕ್ಷೆ ಇಂದುಮತಿ ಬಾಯಿ ಕಟ್ಟುನಿಟ್ಟಿನವರು. ನೇಮಕವಾದದ್ದು ಕಾಶವ್ವನಿಗೆ, ಆಕೆ ಬರಲೇ ಇಲ್ಲ. ಹಾಗಿರುವಾಗ ಈ ಹುದ್ದೆ ಯಾರದು ಎಂದು ಕೇಳಿದರು. ಬಾಳಪ್ಪ ಕಾಕಾ ಎದ್ದು ನಿಂತು, ಮೂವತ್ತೊಂದು ವರ್ಷ ತಾನು ಸುಳ್ಳು ತಾಳೆಗೆ ಸಹಿ ಹಾಕಿದ್ದನ್ನು ಎಲ್ಲರೆದುರು ಒಪ್ಪಿಕೊಂಡರು. “ಪತ್ರ ಕಾಶವ್ವಗ ಹೋಗಿತ್ತು, ಖರೆ,” ಎಂದರು. “ಆದ್ರ ನಿಮ್ಮ ಮಕ್ಕಳ ಮೂಗು ಪತ್ರ ಒರೆಸಿಲ್ಲರಿ.”

ಆಗ ನನ್ನ ಸರದಿ ಬಂತು. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಕೋಷ್ಟಕ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಕಾಶವ್ವನ ಸಾಲು ತೋರಿಸಿದೆ. ಮನೆ ನಂಬರು ಏಳು, ಸೇರಿದ ವರ್ಷ, ಮಗಳು ಶೋಭಾ, ರಜೆ ಹಾಕಿದ ದಿನಗಳು ಒಟ್ಟು ಇಪ್ಪತ್ತೆರಡು. ಈ ಸಾಲಿನಲ್ಲಿರುವ ಒಂದೊಂದು ಸಂಗತಿಯೂ ತುಂಗವ್ವನದು, ಕಾಶವ್ವನದು ಅಂಚಿನ ಲೇಬಲ್ ಮಾತ್ರ ಎಂದೆ. ಸಾಲನ್ನೇ ಅಳಿಸಿ ಹೊಸ ಸಾಲು ಬರೆಯುವುದು ಒಂದು ಬಗೆ. ಸಾಲನ್ನು ಹಾಗೇ ಬಿಟ್ಟು ಲೇಬಲ್ ಬದಲಿಸುವುದು ಇನ್ನೊಂದು ಬಗೆ. ಸಲಕರಣೆ ಎರಡಕ್ಕೂ ಇದೆ, ಯಾವುದು ಸರಿ ಎಂದು ಹೇಳುವವರು ನೀವು ಎಂದು ಹೇಳಿ ಕೂತೆ.

ಇಂದುಮತಿ ಬಾಯಿ ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. ರಜೆಯ ಲೆಕ್ಕ ಖಚಿತವೇ ಎಂದು ಕೇಳಿದರು. ಅದರಲ್ಲಿ ಹನ್ನೊಂದು ದಿನ ತನ್ನ ಬಾಣಂತನಕ್ಕೆ ಹಾಕಿದ್ದು ಎಂದು ಶೋಭಾ ಹಿಂದಿನಿಂದ ಹೇಳಿದಳು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಲೇಬಲ್ ಬದಲಿಸಬೇಕೆಂದು ಠರಾವಾಯಿತು. ಬಾಳಪ್ಪ ಕಾಕಾ ಮಾತ್ರ ತಪ್ಪೊಪ್ಪಿಗೆಯನ್ನು ಬರೆದು ಕೊಡಬೇಕು, ಇನ್ನು ಮುಂದೆ ಬಾವಿಗೆ ಇಳಿಯಬಾರದು ಎಂದಾಯಿತು. ಕಣ್ಣು ಗುಣವಾದ ಮೇಲೆ ಅವರು ಅದನ್ನು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ಈಗ ಅದು ದಾಖಲೆಗಳ ಜೊತೆಯಲ್ಲಿದೆ.

ಮಾರನೆಯ ದಿನ ಮಧ್ಯಾಹ್ನ, ಬಾಲವಾಡಿ ಬಿಟ್ಟ ಮೇಲೆ, ತುಂಗವ್ವ ನನ್ನ ಕಚೇರಿಗೆ ಬಂದಳು. ಹೆಸರು ಬದಲಿಸುವುದನ್ನು ನೋಡಬೇಕಂತೆ. ನೋಡುವಂಥದ್ದೇನೂ ಇರಲಿಲ್ಲ, ಒಂದೇ ಸಾಲಿನ ಆಜ್ಞೆ. ಕೊಟ್ಟೆ. ಕೂಸುಗಳನ್ನೂ ಸೊಸೆಯಂದಿರನ್ನೂ ಆಗಲೇ ಸೇರಿಸಿ, ತೀರಿಕೊಂಡವರನ್ನು ತೆಗೆದಿದ್ದೆ. ಎರಡೂ ಗುಂಪುಗಳನ್ನು ಮತ್ತೆ ಹೋಲಿಸಿದೆ. ಇದರಲ್ಲಿ ಮಾತ್ರ ಇರುವವರು ಯಾರೂ ಇಲ್ಲ. ಅದರಲ್ಲಿ ಮಾತ್ರ ಇರುವವರು ಯಾರೂ ಇಲ್ಲ. ಆಯಿತು ಎಂದೆ.

ಅವಳು ಹೊರಡಲಿಲ್ಲ. ಬಾವಿ ಈ ವರ್ಷ ಬರೆದದ್ದನ್ನೆಲ್ಲ ಒಮ್ಮೆ ಓದಿ ಹೇಳುತ್ತೀಯಾ ಎಂದು ಕೇಳಿದಳು. ಮೂವತ್ತೊಂದು ವರ್ಷ ಒಂದೇ ಹೆಸರಿಗಾಗಿ ಕಿವಿ ಕೊಟ್ಟು ನಿಂತು, ಅದು ಬಂದೊಡನೆ ಹೊರಟುಬಿಡುತ್ತಿದ್ದಳಲ್ಲ, ಉಳಿದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಸಾವಿರದ ಇನ್ನೂರ ಹದಿನಾಲ್ಕು ಹೆಸರು ಎಂದೆ. ತನಗೆ ಬೇರೆ ಕೆಲಸವಿಲ್ಲ ಎಂದಳು. ನನಗೂ ಇರಲಿಲ್ಲ. ಕಿಟಕಿ ತೆರೆದು, ಅವಳಿಗೆ ಕುರ್ಚಿ ಹಾಕಿ, ಅ ಅಕ್ಷರದಿಂದ ಓದತೊಡಗಿದೆ.

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂದೊಂದು ಹೆಸರಿಗೆ ಒಂದೊಂದು ಮಾತು. ಇವನು ಎಡಗೈಯವ. ಇವಳು ಮಣ್ಣು ತಿನ್ನುತ್ತಿದ್ದಳು. ಇವನು ಮಧ್ಯಾಹ್ನದ ತನಕ ಅಳುತ್ತಿದ್ದ, ಈಗ ಪೊಲೀಸನಂತೆ. ಕ ಅಕ್ಷರದಲ್ಲಿ ನನ್ನ ಹೆಸರು ಬಂದಾಗ, ಇವಳಿಗೆ ಚಪ್ಪಲಿ ತಿಳಿಯುತ್ತಿರಲಿಲ್ಲ ಎಂದು ನನಗೇ ಹೇಳಿದಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ಯಾರೋ ಚಹಾ ತಂದಿಟ್ಟು ಹೋದರು. ಚ ಮುಗಿಯಿತು, ಜ ಮುಗಿಯಿತು. ತ ಬಂತು. ತಿಪ್ಪಣ್ಣ, ತಿಮ್ಮವ್ವ. “ತುಂಗವ್ವ, ಗಿರಣಿ ಓಣಿ,” ಎಂದು ಓದಿ ಅವಳ ಮುಖ ನೋಡಿದೆ.

ಅವಳು ಕಣ್ಣು ತೆರೆಯಲಿಲ್ಲ.

“ಹೂಂ,” ಎಂದಳು. “ಮುಂದ ಓದು.”